ಗೋಡೆ ಕಡೆಯ ಮಗ್ಗುಲು

ಆಸ್ಪತ್ರೆಯಲ್ಲಿ ನನ್ನ ಅತ್ತಿಗೆಯ ಹೆಸರು ಹೇಳಿ ಕೇಳಿದರೆ ಯಾರಿಗೂ ಗೊತ್ತಾಗುವುದಿಲ್ಲ. ಚುಕ್ಕಿ ಸಿಸ್ಟರ್ ಎಲ್ಲಿ ಎಂದರೆ ಗೇಟಿನ ಕಾವಲಿನವನೂ ಎರಡನೇ ಮಹಡಿಯ ಕಡೆ ಬೆರಳು ತೋರಿಸುತ್ತಾನೆ. ಮೂತ್ರಕೋಶದ ಕ್ಯಾನ್ಸರಿಗೆ ಆಪರೇಷನ್ ಆಗುವವರ ಹೊಟ್ಟೆಯ ಮೇಲೆ ಒಂದು ದಿನ ಮುಂಚೆ ನೀಲಿ ಪೆನ್ನಿನಿಂದ ಚುಕ್ಕಿ ಇಡುವುದು ಅವಳ ಕೆಲಸ. ಇಷ್ಟೇನಾ ಎಂದು ಮೂಗು ಮುರಿಯುವವರಿದ್ದಾರೆ. ನಾನೂ ಒಂದು ಕಾಲದಲ್ಲಿ ಮುರಿದವಳೇ. ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ರೋಗಿಗಳ ಫೈಲು ಜೋಡಿಸಿಡುವ ಕೋಣೆಯಲ್ಲಿ, ಇಪ್ಪತ್ತಾರು ವರ್ಷದಿಂದ ಧೂಳು ತಿನ್ನುತ್ತಿರುವವಳು ನಾನು. ಆ ಚುಕ್ಕಿಯ ಬೆಲೆ ನನಗೆ ಗೊತ್ತಾದದ್ದು ಅದಿಲ್ಲದೆ ಆಪರೇಷನ್ ಆದ ನನ್ನ ಅಣ್ಣನಿಂದ.

ಮೂತ್ರಕೋಶವನ್ನೇ ತೆಗೆದ ಮೇಲೆ ಮೂತ್ರಕ್ಕೆ ಬೇರೆ ದಾರಿ ಮಾಡಿಕೊಡಬೇಕಲ್ಲ. ಸಣ್ಣ ಕರುಳಿನ ಒಂದು ಗೇಣು ತುಂಡನ್ನು ಬಿಡಿಸಿ, ಮೂತ್ರಪಿಂಡದ ನಾಳಗಳನ್ನು ಅದಕ್ಕೆ ಹೊಲಿದು, ತುದಿಯನ್ನು ಹೊಟ್ಟೆಯ ಮೇಲೆ ಹೊರಗೆ ತರುತ್ತಾರೆ. ಡಾಕ್ಟರುಗಳು ಅದನ್ನು ಸ್ಟೋಮಾ ಅನ್ನುತ್ತಾರೆ, ಅತ್ತಿಗೆ ಬಾಯಿ ಅನ್ನುತ್ತಾಳೆ. ಕೆಂಪಗೆ, ಒದ್ದೆಯಾಗಿ, ಒಂದು ಗುಂಡಿಯಷ್ಟು ಅಗಲ ಇರುತ್ತದೆ. ಮುಟ್ಟಿದರೆ ನೋಯುವುದಿಲ್ಲ, ಆದರೆ ಹಗಲು ರಾತ್ರಿ ಎನ್ನದೆ ತೊಟ್ಟಿಕ್ಕುತ್ತಲೇ ಇರುತ್ತದೆ. ಅದರ ಸುತ್ತ ಚರ್ಮಕ್ಕೆ ಅಂಟುವ ಒಂದು ಬಿಲ್ಲೆ, ಬಿಲ್ಲೆಗೆ ಒಂದು ಚೀಲ. ಬದುಕಿರುವಷ್ಟು ಕಾಲ ಅದನ್ನು ಹೊತ್ತು ತಿರುಗಬೇಕು. ಬಾಯಿ ತಪ್ಪು ಜಾಗದಲ್ಲಿ ಕೂತರೆ ಬಿಲ್ಲೆ ಏಳುತ್ತದೆ, ಬಿಲ್ಲೆ ಎದ್ದರೆ ಚೀಲ ಸೋರುತ್ತದೆ, ಸೋರಿದರೆ ಮನುಷ್ಯ ಮನೆಯಿಂದ ಹೊರಗೆ ಕಾಲಿಡುವುದನ್ನೇ ಬಿಡುತ್ತಾನೆ.

ಅದಕ್ಕೇ ಅತ್ತಿಗೆ ಒಂದು ಚುಕ್ಕಿ ಇಡಲು ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾಳೆ. ರೋಗಿಯನ್ನು ಮಲಗಿಸುತ್ತಾಳೆ, ಕೂರಿಸುತ್ತಾಳೆ, ನಿಲ್ಲಿಸುತ್ತಾಳೆ, ಬಗ್ಗಿಸುತ್ತಾಳೆ. ಮಲಗಿದಾಗ ಹಲಗೆಯಂತಿದ್ದ ಹೊಟ್ಟೆ ಕೂತಾಗ ಮೂರು ಮಡಿಕೆಯಾಗುತ್ತದೆ. ಯಾವ ಮಡಿಕೆಗೂ ಸಿಗದ, ಸೊಂಟದ ಪಟ್ಟಿ ಉಜ್ಜದ, ರೋಗಿಯ ಕಣ್ಣಿಗೂ ಕೈಗೂ ಎಟುಕುವ ಜಾಗ ಹುಡುಕಬೇಕು. ಒಮ್ಮೆ ಫೈಲು ಕೊಡಲು ಹೋದಾಗ ನೋಡಿದೆ, ಬಸ್ ಡ್ರೈವರ್ ಒಬ್ಬ ಅಂಗಿ ಎತ್ತಿಕೊಂಡು ಕುರ್ಚಿಯ ಮೇಲೆ ಕೂತಿದ್ದ, ಕೈಯಲ್ಲಿ ಊಟದ ತಟ್ಟೆ.

“ಇದೇ ಸ್ಟೇರಿಂಗ್ ಅಂದ್ಕೊಳ್ಳಿ. ದೊಡ್ಡ ತಿರುವು ಬಂತು, ಹೇಗೆ ತಿರುಗಿಸ್ತೀರಿ ತೋರಿಸಿ.”

ಪಾಪ, ಅವನು ನಿಜಕ್ಕೂ ಕಣ್ಣು ಕಿರಿದು ಮಾಡಿಕೊಂಡು ತಟ್ಟೆ ತಿರುಗಿಸಿದ. ಅತ್ತಿಗೆ ಬಗ್ಗಿ ಅವನ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದಳು. ಆಮೇಲೆ ಅವಳ ಕೊನೆಯ ಪ್ರಶ್ನೆ ಬಂತು.

“ಯಾವ ಮಗ್ಗುಲಿಗೆ ಮಲಗ್ತೀರಿ? ನಿಮ್ಮನೆಯವರು ಯಾವ ಕಡೆ ಮಲಗ್ತಾರೆ?”

ಡ್ರೈವರನ ಕಿವಿ ಕೆಂಪಾಯಿತು. “ಅದೆಲ್ಲ ಯಾಕೆ ಸಿಸ್ಟರ್?”

“ರಾತ್ರಿ ಹೊತ್ತು ಚೀಲಕ್ಕೆ ಉದ್ದದ ಕೊಳವೆ ಸಿಗಿಸಿ ಮಂಚದ ಕೆಳಗೆ ಇಳಿಬಿಡಬೇಕು. ಅದು ಇಳಿಯೋ ಕಡೆ ಅವರು ಇರಬಾರದು, ಇನ್ನೊಂದು ಕಡೆ ಇರಬೇಕು. ಆದ್ರೆ ಅದೇ ಮಂಚದ ಮೇಲೆ ಇರಬೇಕು. ಬೇರೆ ಮಂಚ, ಬೇರೆ ಕೋಣೆ ಅಂತ ಶುರು ಮಾಡಿದ್ರೆ ನಾನು ಮನೆಗೇ ಬಂದು ಜಗಳ ಆಡ್ತೀನಿ.”

ಆಪರೇಷನ್ ಆಗಿ ವಾರಕ್ಕೆ ಅವನ ಹೆಂಡತಿಗೆ ಚೀಲ ಬದಲಾಯಿಸುವುದನ್ನು ಕಲಿಸುವ ದಿನ. ಆಕೆ ಗ್ಲೌಸಿನ ಡಬ್ಬಿಗೆ ಕೈ ಹಾಕಿದಳೋ ಇಲ್ಲವೋ, ಅತ್ತಿಗೆ ಡಬ್ಬಿಯನ್ನೇ ಎತ್ತಿ ಮೇಲಿಟ್ಟಳು. “ಗ್ಲೌಸ್ ನನಗೆ, ಆಸ್ಪತ್ರೆ ರೂಲ್ಸು. ನಿಮಗೆ ಸೋಪು ಹಾಕಿ ಕೈ ತೊಳೆದ್ರೆ ಸಾಕು. ನಾಲಿಗೇಲಿ ನಿಮ್ಮ ಕೆನ್ನೆ ಒಳಗಡೆ ಮುಟ್ಟಿ ನೋಡ್ಕೊಳ್ಳಿ. ಇದೂ ಅಂಥದೇ. ನಿಮ್ಮ ಯಜಮಾನ್ರದ್ದೇ. ಮುಟ್ಟಿ.”

ಈ ಎರಡು ಹಟಗಳಿಗೆ ಇಡೀ ವಾರ್ಡಿನಲ್ಲಿ ಅವಳನ್ನು ಆಡಿಕೊಳ್ಳುತ್ತಿದ್ದರು. ಅವು ಎಲ್ಲಿಂದ ಬಂದವು ಎಂದು ಗೊತ್ತಿದ್ದವಳು ನಾನೊಬ್ಬಳೇ. ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅಣ್ಣ ದರ್ಜಿ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಅತ್ತಿಗೆ ಹೊಸದಾಗಿ ನರ್ಸ್ ಆಗಿ ಸೇರಿದಾಗ ಅವಳ ಯೂನಿಫಾರ್ಮು ಇಬ್ಬರು ತೂರುವಷ್ಟು ದೊಗಳೆ ಇತ್ತು. ಬಾ, ನಮ್ಮಣ್ಣ ಸರಿ ಮಾಡಿಕೊಡುತ್ತಾನೆ ಎಂದು ಕರೆದುಕೊಂಡು ಹೋದವಳು ನಾನು. ಅಣ್ಣ ಸೊಂಟ ಸಣ್ಣ ಮಾಡಿದ್ದಲ್ಲದೆ, ಕೇಳದೇ ಇದ್ದರೂ ಒಳಗಡೆ ನಾಲ್ಕು ಜೇಬು ಹೊಲಿದಿದ್ದ. ಕತ್ತರಿಗೊಂದು, ಪೆನ್ನಿಗೊಂದು, ಕರ್ಚೀಫಿಗೊಂದು. ನಾಲ್ಕನೆಯದು ಯಾಕೆ ಎಂದು ಕೇಳಿದರೆ ನೆಲ ನೋಡುತ್ತ, “ಇರಲಿ, ಏನಾದ್ರೂ ಇಟ್ಕೋಬಹುದು” ಎಂದ. ಅಷ್ಟಕ್ಕೇ ನಮ್ಮ ಹುಡುಗಿ ಬಿದ್ದಳು. ಮದುವೆಯಾಯಿತು, ಮಕ್ಕಳಾಗಲಿಲ್ಲ, ಇಬ್ಬರೂ ಅದಕ್ಕಾಗಿ ತಲೆಕೆಡಿಸಿಕೊಂಡಂತೆ ಕಾಣಲಿಲ್ಲ. ನಾನು ಮಹಡಿಯ ಮೇಲಿನ ಕೋಣೆಯಲ್ಲಿ ಒಂಟಿಯಾಗಿ ಇದ್ದುಕೊಂಡು ಕೆಳಗಿನ ಮನೆಯ ವಿಷಯಕ್ಕೆಲ್ಲ ಮೂಗು ತೂರಿಸಿಕೊಂಡು ಸುಖವಾಗಿದ್ದೆ.

ಅವರ ಮಂಚ ಗೋಡೆಗೆ ತಾಗಿಕೊಂಡಿತ್ತು. ಗೋಡೆಯ ಕಡೆ ಅತ್ತಿಗೆ, ಈಚೆ ಕಡೆ ಅಣ್ಣ. ಬೆಳಗಿನ ಪಾಳಿಗೆ ಐದೂವರೆಗೆ ಏಳಬೇಕಾದ ಅವಳು ಅವನನ್ನು ದಾಟಿಕೊಂಡು ಇಳಿಯಬೇಕು. ದಿನಾ ಅವನ ಕಾಲನ್ನೋ ಕೈಯನ್ನೋ ತುಳಿಯುತ್ತಿದ್ದಳು. “ತುಳಿದ್ಯಾ ಮತ್ತೆ? ದರ್ಜಿ ಕೈ ಕಣೇ ಇದು, ಮುರಿದ್ರೆ ಊಟಕ್ಕೇನು ಮಾಡ್ತೀಯ?” ಎಂದು ಅಣ್ಣ ಗೊಣಗುವುದು ಮೇಲಿದ್ದ ನನಗೂ ಕೇಳುತ್ತಿತ್ತು. ಈಚೆ ಕಡೆ ನೀನೇ ಮಲಗಬಾರದಾ ಎಂದು ನಾನು ಅತ್ತಿಗೆಗೆ ಒಮ್ಮೆ ಬುದ್ಧಿ ಹೇಳಲು ಹೋದೆ. ಅವಳು ನಕ್ಕಳು.

ಹನ್ನೊಂದು ವರ್ಷದ ಹಿಂದೆ ಅಣ್ಣನ ಮೂತ್ರದಲ್ಲಿ ರಕ್ತ ಕಾಣಿಸಿತು. ಆಗ ಅವನಿಗೆ ಐವತ್ತು. ಮೂತ್ರಕೋಶ ತೆಗೆದರು, ಜೀವ ಉಳಿಯಿತು. ಆದರೆ ಆ ದಿನಗಳಲ್ಲಿ ನಮ್ಮ ಆಸ್ಪತ್ರೆಯಲ್ಲಿ ಚುಕ್ಕಿ ಇಡುವವರು ಯಾರೂ ಇರಲಿಲ್ಲ. ಟೇಬಲ್ಲಿನ ಮೇಲೆ ಮಲಗಿದ್ದ ಮನುಷ್ಯನ ಹೊಟ್ಟೆಯಲ್ಲಿ ಡಾಕ್ಟರಿಗೆ ಎಲ್ಲಿ ಸರಿ ಕಂಡಿತೋ ಅಲ್ಲಿ ಬಾಯಿ ಮಾಡಿದರು. ಎದ್ದು ಕೂತಾಗ ನೋಡಿದರೆ, ಬಲಗಡೆ, ಸರಿಯಾಗಿ ಪ್ಯಾಂಟಿನ ಪಟ್ಟಿ ಬರುವ ಕಡೆ. ಊರಿನವರ ಸೊಂಟವನ್ನೆಲ್ಲ ಅಳೆದ ದರ್ಜಿಯ ಸೊಂಟದಲ್ಲೇ ಅಳತೆ ತಪ್ಪಿತ್ತು. ಮಷೀನಿನ ಮುಂದೆ ಬಗ್ಗಿದರೆ ಬಿಲ್ಲೆ ಏಳುತ್ತಿತ್ತು.

ಅತ್ತಿಗೆ ಆಗ ಸಾಮಾನ್ಯ ವಾರ್ಡಿನ ನರ್ಸ್. ಅಣ್ಣ ಮನೆಗೆ ಬಂದ ಮೂರನೇ ವಾರ, ಅವಳು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಎಂಟಕ್ಕೆ ಬಂದರೆ ಚೀಲ ಕಿತ್ತು ಹಾಸಿಗೆಯೆಲ್ಲ ಒದ್ದೆ. ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ಅವಳು ನಿಂತ ಕಾಲಲ್ಲೇ ಕೈಚೀಲದಿಂದ ಗ್ಲೌಸ್ ತೆಗೆದು ಟಪ್ಪೆಂದು ಹಾಕಿಕೊಂಡಳು. ಮಾಸ್ಕನ್ನೂ ಹಾಕಿಕೊಂಡಳು. “ಅಲುಗಾಡಬೇಡಿ. ಆ ಕಡೆ ತಿರುಗಿ. ಹಾಂ, ಸಾಕು” ಎಂದು ವಾರ್ಡಿನ ದನಿಯಲ್ಲಿ ಹೇಳಿ, ಹತ್ತು ನಿಮಿಷದಲ್ಲಿ ಎಲ್ಲ ಒರೆಸಿ, ಬದಲಾಯಿಸಿ, ಹಾಸಿಗೆ ಹೊದಿಕೆ ತೆಗೆದಳು. ಎಳ್ಳಷ್ಟೂ ಲೋಪವಿಲ್ಲದ ಕೆಲಸ. ಅಣ್ಣ ಅಷ್ಟು ಹೊತ್ತೂ ಅವಳ ಕೈಗಳನ್ನೇ ನೋಡುತ್ತಿದ್ದನಂತೆ. ಎಲ್ಲ ಮುಗಿದ ಮೇಲೆ, “ಇನ್ಮೇಲೆ ನಾನೇ ನೋಡ್ಕೋತೀನಿ” ಎಂದ.

ಅಂದಿನಿಂದ ಅವನು ಮಂಚದ ಮೇಲೆ ಮಲಗಲಿಲ್ಲ. ಅಂಗಡಿಯ ಕೋಣೆಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಪಕ್ಕದ ಬೆಂಚಿಗೆ ಹಾಸಿಗೆ ಸಾಗಿಸಿಕೊಂಡ. ಚೀಲ ಬದಲಾಯಿಸುವುದಕ್ಕೆ ಬಚ್ಚಲಮನೆಯ ಬಾಗಿಲು ಹಾಕಿ ಚಿಲಕ ಜಡಿದುಕೊಳ್ಳತೊಡಗಿದ. ತನ್ನ ಬಟ್ಟೆ ತಾನೇ ಒಗೆದುಕೊಂಡ. ವರ್ಷಕ್ಕೊಮ್ಮೆ ಡಾಕ್ಟರ ಬಳಿ ತಪಾಸಣೆಗೆ ನನ್ನನ್ನು ಕರೆದುಕೊಂಡು ಹೋಗುತ್ತಿದ್ದ, ಅವಳನ್ನಲ್ಲ. ಉಳಿದಂತೆ ಮಾತುಕತೆ ಇತ್ತು, ನಗು ಇತ್ತು, ಅವಳ ಯೂನಿಫಾರ್ಮಿಗೆ ಇಸ್ತ್ರಿ ಅವನೇ ಹಾಕುತ್ತಿದ್ದ. ಹೊರಗಿನವರು ನೋಡಿದರೆ ಏನೂ ಆಗಿಲ್ಲ ಅನ್ನಬೇಕು.

“ನಾನು ಅವರನ್ನ ರೋಗಿ ಥರ ಮುಟ್ಟಿಬಿಟ್ಟೆ” ಎಂದು ಅತ್ತಿಗೆ ನನ್ನ ಫೈಲು ಕೋಣೆಯ ಏಣಿಯ ಮೇಲೆ ಕೂತು ಹೇಳಿದ್ದಳು. “ಗಂಡನ್ನ ಮುಟ್ಟೋಕೆ ಯಾರಾದ್ರೂ ಗ್ಲೌಸ್ ಹಾಕ್ಕೋತಾರಾ? ಕೈ ತನ್ನಷ್ಟಕ್ಕೆ ಹಾಕ್ಕೊಂಡಿತು. ಆಮೇಲೆ ಅವರ ಮುಖ ನೋಡಿದೆ.”

ನಾಲ್ಕು ತಿಂಗಳಿಗೆ ಆಸ್ಪತ್ರೆಯವರು ಚೀಲ ಹಾಕಿಸಿಕೊಂಡ ರೋಗಿಗಳಿಗೆಂದೇ ಒಬ್ಬ ನರ್ಸನ್ನು ಒಂಬತ್ತು ವಾರದ ತರಬೇತಿಗೆ ಕಳಿಸುತ್ತೇವೆ ಎಂದಾಗ ಯಾರೂ ಕೈ ಎತ್ತಲಿಲ್ಲ. ಮೂತ್ರ, ಕರುಳು, ವಾಸನೆ, ಯಾರಿಗೆ ಬೇಕು? ಅತ್ತಿಗೆ ಎತ್ತಿದಳು. ಈ ವಿದ್ಯೆ ಕಲಿತು ಬಂದರೆ ಅಣ್ಣ ಚಿಲಕ ತೆಗೆಯುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಕಲಿತು ಬಂದಳು. ಅಳತೆಯ ಕಾರ್ಡು, ಬಾಗಿದ ತುದಿಯ ಕತ್ತರಿ, ಹತ್ತು ಥರದ ಬಿಲ್ಲೆಗಳ ಪೆಟ್ಟಿಗೆ ತಂದು ಊಟದ ಮೇಜಿನ ಮೇಲೆ ಹರಡಿದಳು. ಅಣ್ಣ ಒಂದೊಂದನ್ನೂ ಕೈಗೆತ್ತಿಕೊಂಡು ನೋಡಿ, “ಒಳ್ಳೆ ಸಾಮಾನು” ಎಂದು ವಾಪಸ್ ಇಟ್ಟ. ಚಿಲಕ ತೆಗೆಯಲಿಲ್ಲ.

ಅದಾದ ಮೇಲೆ ನಾನು ಕಂಡದ್ದನ್ನು ಹೇಳಿದರೆ ನಗುತ್ತೀರೋ ಅಳುತ್ತೀರೋ ಗೊತ್ತಿಲ್ಲ. ಮಂಗಳವಾರ, ಶನಿವಾರ ಬೆಳಿಗ್ಗೆ ನೀರು ಕುಡಿಯುವ ಮುಂಚೆ ಅಣ್ಣ ಚೀಲ ಬದಲಾಯಿಸುತ್ತಿದ್ದ. ಆ ಹೊತ್ತಿಗೆ ಅತ್ತಿಗೆ ಅಡುಗೆಮನೆಯಲ್ಲಿ, ಬಚ್ಚಲಿನ ಗೋಡೆಯ ಪಕ್ಕ ಕೈಯಲ್ಲಿ ಒಂದು ಪಾತ್ರೆ ಹಿಡಿದು ನಿಲ್ಲುವಳು. ಒಂದು ದಿನ ಸಕ್ಕರೆ ಕೇಳಲು ಹೋದ ನನಗೆ ಕೈಸನ್ನೆ ಮಾಡಿ ಸುಮ್ಮನಿರಿಸಿದಳು. “ಬಿಲ್ಲೆ ಕತ್ತರಿಸ್ತಿದಾರೆ” ಎಂದು ಪಿಸುಗುಟ್ಟಿದಳು. ಸ್ವಲ್ಪ ಹೊತ್ತು ಬಿಟ್ಟು, “ಕತ್ತರಿ ಜಾಸ್ತಿ ಓಡಿತು. ತೂತು ಅಗಲ ಆಯ್ತು. ಸುತ್ತ ಚರ್ಮ ಉರಿಯುತ್ತೆ ಅವರಿಗೆ.” ನಲ್ಲಿಯ ಶಬ್ದ, ಬಿಲ್ಲೆಯ ಹಿಂದಿನ ಕಾಗದ ಕಿತ್ತ ಶಬ್ದ, ಬಿಲ್ಲೆಯನ್ನು ಅಂಗೈಯಲ್ಲಿ ಒತ್ತಿ ಬೆಚ್ಚಗೆ ಮಾಡುವ ಮೌನ. ಅವಳ ಬೆರಳುಗಳು ಪಾತ್ರೆಯ ಅಂಚಿನ ಮೇಲೆ ಅದನ್ನೇ ಮಾಡುತ್ತಿದ್ದವು. ನಾನು ಸಕ್ಕರೆಯನ್ನು ಮರೆತು ಮೇಲೆ ಹತ್ತಿದೆ.

ಇನ್ನೊಂದಿದೆ. ಅಣ್ಣನ ಫೈಲು ನನ್ನ ಕೋಣೆಯಲ್ಲೇ ಇತ್ತು. ಚೀಟಿ ಇಲ್ಲದೆ ಯಾರಿಗೂ ಫೈಲು ಕೊಡಬಾರದು, ನಾನು ಈ ವಿಷಯದಲ್ಲಿ ಡಾಕ್ಟರುಗಳನ್ನೇ ಬಾಗಿಲಲ್ಲಿ ನಿಲ್ಲಿಸಿದವಳು. ಆದರೆ ತಪಾಸಣೆ ಮುಗಿದ ವಾರ ಅತ್ತಿಗೆ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ಬಂದರೆ ನಾನೇ ಆ ಫೈಲು ತೆಗೆದು ಅವಳ ಮುಂದಿಡುತ್ತಿದ್ದೆ. “ಬಾಯಿ ಅಗಲ ಇಪ್ಪತ್ತೆಂಟು ಮಿಲಿಮೀಟರ್. ಹೋದ ವರ್ಷಾನೂ ಇಷ್ಟೇ ಇತ್ತು” ಎನ್ನುವಳು. ಗಂಡನ ಮೈಯ ಸುದ್ದಿಯನ್ನು ಅವಳು ಹೀಗೆ ಬೇರೆಯವರ ಕೈಬರಹದಲ್ಲಿ ಓದಿ ತಿಳಿದುಕೊಳ್ಳುತ್ತಿದ್ದಳು. ಊಟದ ಡಬ್ಬಿ ಎಷ್ಟೋ ಸಲ ಹಾಗೇ ವಾಪಸ್ಸು ಹೋಗುತ್ತಿತ್ತು.

ಅಣ್ಣನೇನು ಕಲ್ಲಲ್ಲ. ಬೆವರಿಗೆ ಪ್ಲಾಸ್ಟಿಕ್ ಚೀಲ ಮೈಗೆ ಅಂಟಿ ರೋಗಿಗಳಿಗೆ ತುರಿಕೆಯಾಗುತ್ತದೆ ಎಂದು ಅವಳು ಊಟದ ಹೊತ್ತಿಗೆ ಯಾರಿಗೋ ಹೇಳುವ ಹಾಗೆ ಹೇಳಿದ್ದಳು. ವಾರಕ್ಕೆ ಮೇಜಿನ ಮೇಲೆ ಚೀಲಕ್ಕೆ ತೊಡಿಸುವ ಆರು ಹತ್ತಿಬಟ್ಟೆಯ ಗವಸು, ಒಳಗೆ ಹೊಲಿಗೆ ಕಾಣದಂತೆ ಮಡಿಸಿ ಹೊಲಿದವು. ಆಮೇಲೆ ಪ್ರತಿ ತಿಂಗಳೂ ಉಳಿದ ತುಂಡುಬಟ್ಟೆಯಲ್ಲಿ ಇಪ್ಪತ್ತು, ಮೂವತ್ತು. ಅವಳು ಅವನ್ನು ವಾರ್ಡಿಗೆ ಒಯ್ಯುವ ಮುಂಚೆ ಒಂದೊಂದನ್ನೂ ಬಿಡಿಸಿ ಅಂಗೈ ತೂರಿಸಿ ನೋಡುತ್ತಿದ್ದಳು. ಇಬ್ಬರ ತಲೆಯ ಮೇಲೂ ಒಂದೊಂದು ಮೊಟಕಬೇಕು ಅನ್ನಿಸುತ್ತಿತ್ತು ನನಗೆ. ಒಂದು ಸಲ ಅಣ್ಣನ ಹತ್ತಿರ ಮಾತು ತೆಗೆದೆ. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿದ್ದವನು ಮಷೀನಿನ ಚಕ್ರ ತಿರುಗಿಸಿದ.

ಹೀಗೆ ಹನ್ನೊಂದು ವರ್ಷ. ಅವಳು ಆ ಮಂಚದ ಮೇಲೆ ಆಗಲೂ ಗೋಡೆಯ ಕಡೆಗೇ ಮಲಗುತ್ತಿದ್ದಳು, ಈಚೆ ಅರ್ಧ ಖಾಲಿ ಬಿಟ್ಟು.

ಈ ವರ್ಷದ ಆರಂಭದಲ್ಲಿ ಅಣ್ಣ ಮಷೀನಿನ ಮುಂದೆ ಓರೆಯಾಗಿ ಕೂರತೊಡಗಿದ. ಆಮೇಲೆ ಕೂರುವುದನ್ನೇ ಕಡಿಮೆ ಮಾಡಿದ. ಅಂಗಡಿಗೆ ಬಂದವರನ್ನು ನಾಳೆ ಬನ್ನಿ ಎಂದು ಕಳಿಸುತ್ತಿದ್ದ. ಅಂಗಳದಲ್ಲಿ ದಿನಾ ಎರಡೆರಡು ಪ್ಯಾಂಟು ಒಣಗುತ್ತಿದ್ದವು. ಅತ್ತಿಗೆ ಅವುಗಳ ಕೆಳಗೆ ಹಾದುಹೋಗುವಾಗ ಒಂದು ಕ್ಷಣ ನಿಂತು ಮುಂದೆ ಹೋಗುತ್ತಿದ್ದಳು. ತಪಾಸಣೆಗೆ ಇನ್ನೂ ಎರಡು ತಿಂಗಳಿದ್ದರೂ ನಾನೇ ಅವನನ್ನು ದಬಾಯಿಸಿ ಡಾಕ್ಟರ ಬಳಿ ಕರೆದುಕೊಂಡು ಹೋದೆ.

ಡಾಕ್ಟರು ಹೊಸಬರು, ಚಿಕ್ಕ ವಯಸ್ಸು. ಅಂಗಿ ಎತ್ತಿ ನೋಡಿ, ಬಾಯಿಯ ಪಕ್ಕದಲ್ಲಿ ಹೊಟ್ಟೆಯ ಗೋಡೆ ಸಡಿಲವಾಗಿ ಕರುಳು ಉಬ್ಬಿಕೊಂಡಿದೆ, ಇನ್ನು ಅಲ್ಲಿ ಯಾವ ಬಿಲ್ಲೆಯೂ ನಿಲ್ಲುವುದಿಲ್ಲ ಎಂದರು. “ಕ್ಯಾನ್ಸರ್ ವಾಪಸ್ ಬಂದಿಲ್ಲ, ಹೆದರಬೇಡಿ. ಬಾಯಿನ ಅಲ್ಲಿಂದ ತೆಗೆದು ಎಡಗಡೆಗೆ ಮಾಡೋಣ. ನಾಳೆ ಅಡ್ಮಿಟ್ ಆಗಿ. ಈಗ ಹೋಗಿ ಚುಕ್ಕಿ ಸಿಸ್ಟರ್ ಹತ್ರ ಗುರುತು ಹಾಕಿಸ್ಕೊಂಡು ಬನ್ನಿ. ಅವರ ಚುಕ್ಕಿ ಇಲ್ಲದೆ ನಾನು ಕತ್ತಿ ಹಿಡಿಯಲ್ಲ.”

“ಬೇರೆ ಸಿಸ್ಟರ್ ಯಾರೂ ಇಲ್ವಾ?” ಎಂದ ಅಣ್ಣ.

“ಈ ಕೆಲಸಕ್ಕೆ ಇಡೀ ಆಸ್ಪತ್ರೆಗೆ ಅವರೊಬ್ಬರೇ. ಯಾಕೆ, ಬೈತಾರೆ ಅಂತ ಭಯನಾ?”

ಎರಡನೇ ಮಹಡಿಯ ಉದ್ದನೆಯ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ಅಣ್ಣನ ಸರದಿ ಬಂತು. ಪಕ್ಕದವರನ್ನು ನೀವು ಹೋಗಿ ಎಂದ. ಮತ್ತೆ ಬಂತು, ಮತ್ತೊಬ್ಬರನ್ನು ಕಳಿಸಿದ. ಮೂರನೇ ಸಲಕ್ಕೆ ನನ್ನ ಸಹನೆ ಮುಗಿಯಿತು. ತೋಳು ಹಿಡಿದು ಎಬ್ಬಿಸಿ, ಅವನ ದಪ್ಪ ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು, ಬಾಗಿಲು ತಳ್ಳಿದೆ.

ಅತ್ತಿಗೆ ತಲೆ ಎತ್ತದೆ, “ಬನ್ನಿ, ಅಂಗಿ ಗುಂಡಿ ಬಿಚ್ಚಿ ಈ ಮಂಚದ ಮೇಲೆ ಕೂತ್ಕೊಳ್ಳಿ” ಎಂದಳು. ಆಮೇಲೆ ತಲೆ ಎತ್ತಿದಳು.

ನಾನೇ ಗಡಿಬಿಡಿಯಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿದೆ. ಅವಳು ಎದ್ದಳು. ಅಭ್ಯಾಸದಂತೆ ಅವಳ ಕೈ ಗೋಡೆಯ ಮೇಲಿದ್ದ ಗ್ಲೌಸಿನ ಡಬ್ಬಿಗೆ ಹೋಯಿತು. ಅಲ್ಲೇ ನಿಂತಿತು.

“ಹಾಕ್ಕೊ” ಎಂದ ಅಣ್ಣ ಮೆಲ್ಲಗೆ. “ನಿನ್ನ ಡ್ಯೂಟಿ ಅಲ್ವಾ.”

“ಅವತ್ತು ಹಾಕ್ಕೊಂಡಿದ್ದಕ್ಕೆ ತಾನೇ ನೀವು ನನ್ನನ್ನ ದೂರ ಇಟ್ಟಿದ್ದು?”

“ಏನು?”

“ಗ್ಲೌಸು. ನಿಮ್ಮನ್ನ ಕಂಡ್ರೆ ಅಸಹ್ಯ ಅಂತ ನೀವು ಅಂದ್ಕೊಂಡ್ರಿ. ನನಗೆ ಗೊತ್ತು.”

ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ. ಇವಳೇನು ಹೇಳುತ್ತಿದ್ದಾಳೆ ಎಂದು ನಿಜವಾಗಿಯೂ ತಿಳಿಯದವನ ಮುಖ. “ಅಸಹ್ಯನಾ? ನಿನಗಾ?” ಎಂದ. “ನಿನ್ನ ಬಗ್ಗೆ ನಾನು ಯಾಕೆ ಹಾಗೆ ಅಂದ್ಕೊಳ್ಳಲಿ? ಅವತ್ತು ನೀನು ರಾತ್ರಿ ಇಡೀ ಕೆಲಸ ಮಾಡಿ ಬಂದಿದ್ದೆ. ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ಗ್ಲೌಸ್ ಹಾಕ್ಕೊಂಡೆ ನೋಡು, ಆಗ ಅನ್ನಿಸ್ತು, ಇವಳಿಗೆ ಮನೆಗೆ ಬಂದ್ರೂ ಡ್ಯೂಟಿ ಮುಗೀಲಿಲ್ವಲ್ಲ ಅಂತ. ಮನೇಲಾದ್ರೂ ಇವಳಿಗೆ ರಜ ಇರಲಿ ಅಂತ.” ಅಂಗಿಯ ಗುಂಡಿ ಬಿಚ್ಚುತ್ತ, “ಆಮೇಲೆ ನೀನು ಇದೇ ಕೆಲಸಕ್ಕೆ ಸೇರ್ಕೊಂಡೆ. ದಿನವಿಡೀ ಊರವರ ಚೀಲ ನೋಡಿ ಬರೋಳಿಗೆ ಮನೇಲಿ ನನ್ನದೂ ತೋರಿಸ್ಲಾ?” ಎಂದ.

ಅತ್ತಿಗೆ ಅಳುತ್ತಾಳೆ ಎಂದುಕೊಂಡೆ. ಅವಳಿಗೆ ಬಂದದ್ದು ಕೋಪ. ಮದುವೆಯಾದಂದಿನಿಂದ ಅಷ್ಟು ಕೋಪ ನಾನು ಅವಳ ಮುಖದಲ್ಲಿ ಕಂಡಿರಲಿಲ್ಲ.

“ಹನ್ನೊಂದು ವರ್ಷ ರಜ ಕೊಟ್ರಾ ನನಗೆ? ಕೇಳಿದ್ನಾ ನಾನು? ಒಂದು ದಿನ ಬಾಯಿಬಿಟ್ಟು ಹೇಳೋಕೆ ಆಗಲಿಲ್ವಾ ನಿಮಗೆ?”

“ನೀನೂ ಕೇಳಲಿಲ್ಲ” ಎಂದ ಅಣ್ಣ. “ನೀನೇ ಒಂದು ದಿನ ಬಾಗಿಲು ತಟ್ಟಿ ಒಳಗೆ ಬರ್ತೀಯ ಅಂತ ನಾನೂ ಕಾದಿದ್ದೆ ಕಣೆ. ಮೊದಮೊದಲು ಚಿಲಕ ಸರಿಯಾಗಿ ಹಾಕ್ತಾನೇ ಇರಲಿಲ್ಲ.”

ನಾನು ಫೈಲಿನ ಮೇಲಿನ ಧೂಳು ಒರೆಸತೊಡಗಿದೆ. ಒಬ್ಬಳು ಗೋಡೆಗೆ ಕಿವಿ ಕೊಟ್ಟು ನಿಂತಿದ್ದಳು, ಇನ್ನೊಬ್ಬ ಗೋಡೆಯ ಆಚೆ ಚಿಲಕವನ್ನು ಸಡಿಲ ಬಿಟ್ಟು ಕೂತಿದ್ದ. ನಡುವೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಓಡಾಡಿದ ನನ್ನ ಮೇಲೆ ನನಗೇ ಸಿಟ್ಟು ಬಂತು. ಮೂವರಲ್ಲಿ ಯಾರಾದರೂ ಒಬ್ಬರು ಜಗಳವಾಡಿದ್ದರೆ ಸಾಕಿತ್ತು.

ಅತ್ತಿಗೆ ಗ್ಲೌಸಿನ ಡಬ್ಬಿಯನ್ನು ಎತ್ತಿ ಕಪಾಟಿನ ಮೇಲಿಟ್ಟಳು. ನಲ್ಲಿ ತಿರುಗಿಸಿ ಮೊಣಕೈವರೆಗೆ ಸೋಪು ಹಾಕಿ ಕೈ ತೊಳೆದಳು, ಒರೆಸಿಕೊಂಡಳು. “ರೋಗಿ ಮನೆಯವರಿಗೆ ಗ್ಲೌಸ್ ಬೇಡ ಅಂತ ನಾನೇ ಎಲ್ಲರಿಗೂ ಹೇಳೋದು. ಇವರ ಮನೆಯವಳು ನಾನೇ ತಾನೇ” ಎಂದು ನನ್ನ ಕಡೆ ತಿರುಗಿ, “ನೀನು ಕೂತ್ಕೊಂಡು ಫಾರ್ಮ್ ಬರ್ಕೊ” ಎಂದಳು.

ಹಳೆಯ ಚೀಲವನ್ನು ಅವಳು ಮೇಲಿನಿಂದ ಕೆಳಕ್ಕೆ ಬಿಡಿಸಿದಳು, ಒಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಸ್ವಲ್ಪ ಸ್ವಲ್ಪವೇ. ಕೆಳಗೆ ಚರ್ಮ ಸುಟ್ಟಂತೆ ಕೆಂಪಾಗಿತ್ತು. “ಬಿಲ್ಲೆ ಅಗಲ ಕತ್ತರಿಸ್ತೀರಿ. ನನಗೆ ಗೊತ್ತಿತ್ತು” ಎಂದಳು. ಬೆಚ್ಚನೆ ನೀರಿನ ಹತ್ತಿಯಿಂದ ಒರೆಸಿದಳು. ಒರೆಸಿದ ಮೇಲೂ ಅವಳ ಅಂಗೈ ಅವನ ಹೊಟ್ಟೆಯ ಮೇಲೆ ಹಾಗೇ ಇತ್ತು. ಅಣ್ಣ ಕಣ್ಣು ಮುಚ್ಚಿಕೊಂಡ. ನಾನು ಫಾರ್ಮಿನ ಮೇಲೆ ತಾರೀಖು ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ.

ಹೊಸ ಚೀಲ ಅಂಟಿಸಿದ ಮೇಲೆ ಚುಕ್ಕಿಯ ಕೆಲಸ. ಮಲಗಿ ಎಂದಳು, ಕೂರಿ ಎಂದಳು, ನಿಲ್ಲಿ ಎಂದಳು. ಕುರ್ಚಿಯ ಮುಂದೆ ಸ್ಟೂಲು ಇಟ್ಟು, “ಇದೇ ಮಷೀನು. ತೋಳು ಹೊಲಿಯೋವಾಗ ಹೇಗೆ ಬಗ್ಗುತ್ತೀರಿ ಬಗ್ಗಿ” ಎಂದಳು. ಅಣ್ಣ ಬಗ್ಗಿದ. ಎಡಗಡೆ, ಹೊಕ್ಕುಳಿಗಿಂತ ತುಸು ಮೇಲೆ, ಯಾವ ಮಡಿಕೆಗೂ ಸಿಗದ ಕಡೆ ಅವಳ ಬೆರಳು ನಿಂತಿತು. ಒಂದೊಂದನ್ನೂ ಅವಳು ಹೇಳಿದಂತೆ ನಾನು ಬರೆದುಕೊಳ್ಳುತ್ತ ಹೋದೆ. ಫಾರ್ಮಿನ ಕೊನೆಯ ಸಾಲು ಅವಳೇ ಸೇರಿಸಿದ್ದು. ಅಲ್ಲಿಗೆ ಬಂದಾಗ ಅವಳು ನೀಲಿ ಪೆನ್ನು ಹುಡುಕತೊಡಗಿದಳು.

“ಇನ್ನೊಂದು ಪ್ರಶ್ನೆ ಇರಬೇಕಲ್ಲ” ಎಂದ ಅಣ್ಣ. “ಬಸ್ ಡ್ರೈವರ್ ಒಬ್ಬ ಪ್ಯಾಂಟ್ ಹೊಲಿಸೋಕೆ ಬಂದಾಗ ಹೇಳ್ತಿದ್ದ. ಎಲ್ಲರನ್ನೂ ಕೇಳ್ತೀಯಂತೆ.”

ಅವಳು ಪೆನ್ನಿನ ಮುಚ್ಚಳ ತೆಗೆಯುತ್ತ, ಅವನ ಮುಖ ನೋಡದೆ ಕೇಳಿದಳು. “ನಿಮ್ಮನೆಯವರು ಯಾವ ಕಡೆ ಮಲಗ್ತಾರೆ?”

“ಗೋಡೆ ಕಡೆ.”

“ನಿಮಗೆ ಗೋಡೆ ಯಾವ ಕಡೆ?”

“ಎಡಗಡೆ.”

“ಈಗ ಬಾಯಿ ಎಡಗಡೆ ಬರುತ್ತೆ. ಕೊಳವೆ ಆ ಕಡೆ ಇಳೀಬೇಕು.”

“ಹಾಗಾದ್ರೆ ಗೋಡೇನ ಬಲಗಡೆಗೆ ತರ್ಬೇಕಾಗುತ್ತೆ” ಎಂದ ಅಣ್ಣ, ಅಂಗಡಿಯಲ್ಲಿ ಗಿರಾಕಿಯ ಬಳಿ ಮಾತಾಡುವಷ್ಟು ಗಂಭೀರವಾಗಿ. ಅತ್ತಿಗೆ ನೀಲಿ ಚುಕ್ಕಿ ಇಟ್ಟಳು. ಚುಕ್ಕಿ ನೆಟ್ಟಗೇ ಬಿತ್ತು.

ಆಪರೇಷನ್ ಚೆನ್ನಾಗಿ ಆಯಿತು. ಒಂಬತ್ತನೇ ದಿನ ನಾಳೆ ಮನೆಗೆ ಕಳಿಸುತ್ತೇವೆ ಎಂದರು. ಅಂದು ಮಧ್ಯಾಹ್ನ ಅತ್ತಿಗೆ ಅರ್ಧ ದಿನ ರಜೆ ಹಾಕಿ ನನ್ನನ್ನೂ ಎಳೆದುಕೊಂಡು ಮನೆಗೆ ಬಂದಳು. ಒಳಕೋಣೆಯ ಎದುರು ಗೋಡೆಗಿದ್ದ ಬಟ್ಟೆಯ ಬೀರುವನ್ನು ಇಬ್ಬರೂ ಸೇರಿ ಮೂಲೆಗೆ ಸರಿಸಿದೆವು. ಆಮೇಲೆ ಮಂಚ. ಹಳೆಯ ಮರದ್ದು, ಎರಡು ಆಳಿನ ಭಾರ. ಅದರಡಿ ಹನ್ನೊಂದು ವರ್ಷದ ಧೂಳಿತ್ತು, ಒಂದು ಗುಂಡುಪಿನ್ನೂ ಸಿಕ್ಕಿತು. ಅವಳು ಅದನ್ನು ಒರೆಸಿ ಯೂನಿಫಾರ್ಮಿನ ಒಳಗಡೆಯ ನಾಲ್ಕನೇ ಜೇಬಿಗೆ ಹಾಕಿಕೊಂಡಳು.

ಎದುರು ಗೋಡೆಗೆ ಇನ್ನೊಂದು ಮೊಳ ಇದೆ ಎನ್ನುವಾಗ ನಾನು ನಿಲ್ಲಿಸಿ ಸೊಂಟ ಹಿಡಿದುಕೊಂಡೆ. “ಇಷ್ಟು ಸಾಕು ಅತ್ತಿಗೆ. ಅವನ ಎಡಗಡೆ ಕೊಳವೆಗೆ ಬೇಕಾದಷ್ಟು ಜಾಗ ಇದೆ. ನಿನ್ನ ಕಡೆಗೂ ಒಂದು ಮೊಳ ಬಿಟ್ಟಿರೋಣ. ಬೆಳಿಗ್ಗೆ ಎದ್ದು ಆ ಕಡೆಯಿಂದಲೇ ಇಳಿದು ಹೋಗಬಹುದು. ಅವನ ಹೊಲಿಗೆ ಇನ್ನೂ ಹಸಿ, ದಾಟೋಕೆ ಹೋಗಿ ತುಳಿದುಗಿಳಿದೀಯ.”

ಅವಳು ಬಗ್ಗಿ ಮಂಚದ ಕಾಲನ್ನು ಮತ್ತೆ ಹಿಡಿದಳು.

“ಹುಷಾರಾಗಿ ದಾಟ್ತೀನಿ” ಎಂದಳು. “ತಳ್ಳು. ಗೋಡೆಗೆ ತಾಗಬೇಕು. ಹನ್ನೊಂದು ವರ್ಷ ಆಯ್ತು, ಬೆಳಿಗ್ಗೆ ಎದ್ದು ಅವರ ಹತ್ರ ಬೈಸ್ಕೊಂಡು.”

ನಾನು ಮತ್ತೊಂದು ತುದಿ ಹಿಡಿದು ತಳ್ಳಿದೆ.